ಕ್ಷಯ ಗುಣವಾದ ಮೇಲೂ ಕಫದಲ್ಲಿ ರಕ್ತವೇ? ಶ್ವಾಸಕೋಶದ ಬೂಷ್ಟನ್ನು ಮರೆಯದಿರೋಣ

(ಮಹಲ್ಲಾ ಮಟ್ಟದ ಆರೋಗ್ಯ ಜಾಗೃತಿ ಸಭೆಯೊಂದರಲ್ಲಿ ಮಾಡಲಾದ ಭಾಷಣದ ಲಿಖಿತ ರೂಪ)





ಆರೋಗ್ಯದ ಕುರಿತಾದ ಸಭೆಯೆಂದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯಾಘಾತಗಳ ಕುರಿತು ಮಾತಾಡುವುದು ನಮ್ಮಲ್ಲಿ ರೂಢಿ. ಅವು ಮುಖ್ಯವಲ್ಲವೆಂದಲ್ಲ. ಆದರೆ ಇಂದು ನಾವು ಆ ದಾರಿಯನ್ನು ಬಿಟ್ಟು, ಇಲ್ಲಿ ಕುಳಿತಿರುವ ಹೆಚ್ಚಿನವರು ಹೆಸರನ್ನೂ ಕೇಳಿರದ ಒಂದು ಕಾಯಿಲೆಯ ಕುರಿತು ಮಾತಾಡಲು ಬಯಸುತ್ತೇವೆ. ಅದರ ಹೆಸರು ಆಸ್ಪರ್ಜಿಲ್ಲೋಸಿಸ್. ಹೆಸರು ಅಪರಿಚಿತವಾದರೂ ಅದನ್ನು ಉಂಟುಮಾಡುವ ವಸ್ತು ಅಪರಿಚಿತವಲ್ಲ. ಮಳೆಗಾಲದಲ್ಲಿ ಗೋಡೆಯ ಮೂಲೆಯಲ್ಲಿ, ಹಳೆಯ ರೊಟ್ಟಿಯ ಮೇಲೆ, ಕೊಳೆತ ಹುಲ್ಲಿನ ರಾಶಿಯಲ್ಲಿ ನಾವು ಕಾಣುವ ಬೂಷ್ಟು, ಅಂದರೆ ಶಿಲೀಂಧ್ರಗಳ ಜಾತಿಗೆ ಸೇರಿದ ಒಂದು ಜೀವಿ ಅದು. ಆ ಬೂಷ್ಟು ಮನುಷ್ಯನ ಶ್ವಾಸಕೋಶದೊಳಗೆ ಬೆಳೆಯಲಾರಂಭಿಸಿದರೆ ಏನಾಗುತ್ತದೆ, ಯಾರಲ್ಲಿ ಬೆಳೆಯುತ್ತದೆ, ಅದನ್ನು ಪತ್ತೆ ಹಚ್ಚುವುದು ಹೇಗೆ ಎಂಬುದೇ ಇಂದಿನ ವಿಷಯ.

ಶಿಲೀಂಧ್ರವೆಂದ ಕೂಡಲೇ ನಿಮಗೆ 2021ರ ಬೇಸಿಗೆ ನೆನಪಾಗಬಹುದು. ಕೊರೋನಾದ ಎರಡನೇ ಅಲೆಯ ಬೆನ್ನಿಗೆ ‘ಬ್ಲ್ಯಾಕ್ ಫಂಗಸ್’ ಎಂಬ ಹೆಸರು ಪ್ರತಿಯೊಂದು ಟಿ.ವಿ. ವಾಹಿನಿಯಲ್ಲೂ ಮೊಳಗಿತು. ಅದೇ ಜೂನ್ ಅಂತ್ಯದ ವೇಳೆಗೆ ದೇಶದಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಪ್ರಕರಣಗಳು ದಾಖಲಾದವು. ಅದು ಮ್ಯೂಕರ್ ಎಂಬ ಬೇರೆಯೇ ಶಿಲೀಂಧ್ರದಿಂದ ಬರುವ, ಮೂಗು, ಕಣ್ಣುಗಳನ್ನು ಕೆಲವೇ ದಿನಗಳಲ್ಲಿ ಕೊಳೆಯಿಸುವ ಉಗ್ರ ರೋಗ. ಆದ್ದರಿಂದಲೇ ಅದು ಸುದ್ದಿಯಾಯಿತು. ನಾವಿಂದು ಹೇಳಹೊರಟಿರುವ ಕಾಯಿಲೆ ಅಷ್ಟು ಗದ್ದಲ ಮಾಡುವುದಿಲ್ಲ. ಅದು ತಿಂಗಳುಗಟ್ಟಲೆ, ವರ್ಷಗಟ್ಟಲೆ ಮೆಲ್ಲನೆ ಶ್ವಾಸಕೋಶವನ್ನು ತಿನ್ನುತ್ತದೆ. ಮೆಲ್ಲನೆ ಕೊಲ್ಲುವ ರೋಗಕ್ಕೆ ನಮ್ಮ ಮಾಧ್ಯಮಗಳಲ್ಲಿ ಜಾಗವಿಲ್ಲ. ಬಡವರನ್ನೇ ಹೆಚ್ಚಾಗಿ ಹಿಡಿಯುವ ರೋಗಕ್ಕಂತೂ ಇಲ್ಲವೇ ಇಲ್ಲ.

1729ರಲ್ಲಿ ಇಟಲಿಯ ಫ್ಲಾರೆನ್ಸಿನಲ್ಲಿ ಮಿಕೇಲಿ ಎಂಬ ಪಾದ್ರಿಯೊಬ್ಬರು ಈ ಬೂಷ್ಟನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಅವರು ಸಸ್ಯಶಾಸ್ತ್ರಜ್ಞರೂ ಆಗಿದ್ದರು. ತೆಳ್ಳನೆಯ ದಂಟಿನ ತುದಿಯಲ್ಲಿ ಬೀಜಾಣುಗಳು ಸಾಲುಸಾಲಾಗಿ ಹರಡಿಕೊಂಡಿದ್ದುದು ಅವರಿಗೆ ಚರ್ಚಿನಲ್ಲಿ ಪವಿತ್ರ ಜಲವನ್ನು ಚಿಮುಕಿಸುವ ಉಪಕರಣದಂತೆ ಕಂಡಿತು. ಆ ಉಪಕರಣದ ಲ್ಯಾಟಿನ್ ಹೆಸರಿನಿಂದಲೇ ‘ಆಸ್ಪರ್ಜಿಲ್ಲಸ್’ ಎಂಬ ಹೆಸರು ಬಂತು. ಮನುಷ್ಯನಿಗೆ ಇದರಿಂದ ರೋಗ ಬರುತ್ತದೆಂಬುದು ಸ್ಪಷ್ಟವಾದದ್ದು ಆ ನಂತರದ ಶತಮಾನದಲ್ಲಿ. 1897ರಲ್ಲಿ ಫ್ರಾನ್ಸಿನ ರೆನೋ ಎಂಬ ವೈದ್ಯರು ಈ ಕುರಿತು ಒಂದು ಗ್ರಂಥವನ್ನೇ ಬರೆದರು. ಅವರ ಕಾಲದ ಪ್ಯಾರಿಸಿನಲ್ಲಿ ಪಾರಿವಾಳಗಳಿಗೆ ಕಾಳು ಉಣಿಸುವುದನ್ನೇ ಕಸುಬಾಗಿಸಿಕೊಂಡವರಿದ್ದರು. ಕಾಳು ಮತ್ತು ನೀರನ್ನು ತಮ್ಮ ಬಾಯಲ್ಲಿ ತುಂಬಿಕೊಂಡು ಹಕ್ಕಿಯ ಕೊಕ್ಕಿನೊಳಗೆ ಊದುವ ಕೆಲಸ ಅದು. ಕೃತಕ ಕೂದಲನ್ನು ಹಿಟ್ಟು ಹಾಕಿ ಶುಚಿಗೊಳಿಸುವವರೂ ಇದ್ದರು. ಇವರಿಬ್ಬರಲ್ಲೂ ಕ್ಷಯದಂತೆಯೇ ಕಾಣುವ, ಆದರೆ ಕ್ಷಯವಲ್ಲದ ಕಾಯಿಲೆ ಕಂಡುಬಂದಿತ್ತು. ಬೂಷ್ಟು ಹಿಡಿದ ಕಾಳು ಮತ್ತು ಹಿಟ್ಟಿನ ಧೂಳು ಅದಕ್ಕೆ ಕಾರಣವಾಗಿತ್ತು. ಕ್ಷಯದಂತೆ ಕಾಣುವ ಆದರೆ ಕ್ಷಯವಲ್ಲದ ಕಾಯಿಲೆ ಎಂಬ ಈ ಮಾತನ್ನು ತಾವು ನೆನಪಿನಲ್ಲಿಟ್ಟುಕೊಳ್ಳಬೇಕು. ನೂರಿಪ್ಪತ್ತು ವರ್ಷಗಳು ಕಳೆದರೂ ಸಮಸ್ಯೆಯ ಮೂಲ ಅಲ್ಲಿಯೇ ಇದೆ.

ಈ ಬೂಷ್ಟಿನ ಬೀಜಾಣುಗಳು ಎಷ್ಟು ಸಣ್ಣವೆಂದರೆ ಒಂದು ಮಿಲಿಮೀಟರಿನ ಉದ್ದದಲ್ಲಿ ಮುನ್ನೂರು ನಾನೂರು ಬೀಜಾಣುಗಳನ್ನು ಸಾಲಾಗಿ ಇಡಬಹುದು. ಅವು ಗಾಳಿಯಲ್ಲಿ ಎಲ್ಲೆಡೆ ಇವೆ. ಇಲ್ಲಿ ಕುಳಿತಿರುವ ನಾವೆಲ್ಲರೂ ಪ್ರತಿದಿನ ಅವುಗಳನ್ನು ಉಸಿರಿನೊಂದಿಗೆ ಒಳಗೆಳೆದುಕೊಳ್ಳುತ್ತಿದ್ದೇವೆ. ಆದರೆ ನಮಗೇನೂ ಆಗುವುದಿಲ್ಲ. ಯಾಕೆಂದರೆ ಆರೋಗ್ಯವಂತ ಶ್ವಾಸಕೋಶದ ರಕ್ಷಣಾ ವ್ಯವಸ್ಥೆಯು ಅವುಗಳನ್ನು ಕೂಡಲೇ ಗುಡಿಸಿ ಹಾಕುತ್ತದೆ. ನಮಗರಿವಿಲ್ಲದೆಯೇ ನಡೆಯುವ ಇಂತಹ ಕಾವಲಿಗಾಗಿ ಸೃಷ್ಟಿಕರ್ತನಿಗೆ ಎಷ್ಟು ಕೃತಜ್ಞತೆ ಸಲ್ಲಿಸಿದರೂ ಸಾಲದು.

ಹಾಗಾದರೆ ರೋಗ ಬರುವುದು ಯಾರಿಗೆ? ಮೂರು ಬಗೆಯ ಜನರಿಗೆ. ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವವರು, ಮೂತ್ರಪಿಂಡ ಮುಂತಾದ ಅಂಗಗಳ ಕಸಿ ಮಾಡಿಸಿಕೊಂಡವರು, ಹೆಚ್ಚು ಪ್ರಮಾಣದ ಸ್ಟಿರಾಯ್ಡ್ ಸೇವಿಸುವವರು ಒಂದು ಬಗೆ. ಇವರಲ್ಲಿ ಕಾವಲೇ ಕುಸಿದಿರುವುದರಿಂದ ಬೂಷ್ಟು ಶ್ವಾಸಕೋಶವನ್ನು ಭೇದಿಸಿ ರಕ್ತನಾಳಕ್ಕೂ ನುಗ್ಗುತ್ತದೆ. ಇದಕ್ಕೆ ದೊಡ್ಡ ಆಸ್ಪತ್ರೆಯಲ್ಲಿ ತುರ್ತು ಚಿಕಿತ್ಸೆ ಬೇಕು. ಎರಡನೆಯವರು ಆಸ್ತಮಾ ಇರುವವರು. ಇವರಲ್ಲಿ ಕೆಲವರಿಗೆ ಈ ಬೀಜಾಣುವಿನ ಅಲರ್ಜಿಯಿರುತ್ತದೆ. ಇನ್‌ಹೇಲರ್ ಸರಿಯಾಗಿ ಬಳಸಿದರೂ ದಮ್ಮು ಹತೋಟಿಗೆ ಬಾರದೆ, ಕಂದು ಬಣ್ಣದ ಗಟ್ಟಿ ಕಫದ ತುಣುಕುಗಳು ಬರುತ್ತಿದ್ದರೆ ಅದನ್ನು ಪರೀಕ್ಷಿಸಲೇಬೇಕು. ಈ ಎರಡು ಬಗೆಗಳ ಕುರಿತು ಇಂದು ಇಷ್ಟೇ ಸಾಕು.

ನಮ್ಮ ಕಾಳಜಿ ಇರುವುದು ಮೂರನೆಯ ಬಗೆಯವರ ಕುರಿತು. ಅವರೆಂದರೆ ಹಿಂದೊಮ್ಮೆ ಶ್ವಾಸಕೋಶದ ಕ್ಷಯಕ್ಕೆ ತುತ್ತಾಗಿ ಚಿಕಿತ್ಸೆ ಮುಗಿಸಿ ‘ಗುಣಮುಖ’ ಎಂದು ದಾಖಲಾದವರು.

ಕ್ಷಯದ ರೋಗಾಣು ಶ್ವಾಸಕೋಶದಲ್ಲಿ ಕುಳಿಗಳನ್ನು ಕೊರೆಯುತ್ತದೆ. ಆರು ತಿಂಗಳ ಔಷಧಿಯಿಂದ ರೋಗಾಣು ಸಾಯುತ್ತದೆ, ನಿಜ. ಆದರೆ ಕುಳಿ ಹಲವರಲ್ಲಿ ಹಾಗೆಯೇ ಉಳಿದುಬಿಡುತ್ತದೆ. ಬಾಡಿಗೆದಾರ ಹೋದ ಮೇಲೆ ಉಳಿಯುವ ಖಾಲಿ ಮನೆಯಂತೆ ಅದು. ಅಲ್ಲಿ ರಕ್ತಸಂಚಾರ ಕಡಿಮೆ, ಶುಚಿಗೊಳಿಸುವ ವ್ಯವಸ್ಥೆಯಿಲ್ಲ, ತೇವ ಮತ್ತು ಬಿಸಿ ಮಾತ್ರ ಧಾರಾಳ. ಉಸಿರಿನೊಂದಿಗೆ ಬಂದ ಬೀಜಾಣು ಅಲ್ಲಿ ಬೇರೂರುತ್ತದೆ. ಕಾಲಕ್ರಮೇಣ ಬೂಷ್ಟಿನ ಎಳೆಗಳು, ಕಫ ಮತ್ತು ಸತ್ತ ಜೀವಕೋಶಗಳು ಸೇರಿ ಕುಳಿಯೊಳಗೆ ಒಂದು ಉಂಡೆಯೇ ಆಗಬಹುದು. ಕೆಲವರಲ್ಲಿ ಆ ಉಂಡೆ ವರ್ಷಗಟ್ಟಲೆ ಸುಮ್ಮನಿರುತ್ತದೆ. ಇನ್ನು ಕೆಲವರಲ್ಲಿ ಉಂಡೆ ಇಲ್ಲದೆಯೇ ಕುಳಿಗಳು ಹಿಗ್ಗುತ್ತಾ, ಗೋಡೆ ದಪ್ಪವಾಗುತ್ತಾ, ಹೊಸ ಕುಳಿಗಳು ಹುಟ್ಟುತ್ತಾ ಹೋಗುತ್ತವೆ. ಕೆಮ್ಮು, ಸುಸ್ತು, ಏದುಸಿರು, ತೂಕ ಇಳಿಯುವುದು, ಕಫದಲ್ಲಿ ರಕ್ತ ಇವೆಲ್ಲವೂ ಮೂರು ತಿಂಗಳು ಮೀರಿ ಮುಂದುವರಿಯುತ್ತವೆ. ದಪ್ಪಗಾದ ಗೋಡೆಯಲ್ಲಿ ಹೊಸದಾಗಿ ಹುಟ್ಟಿಕೊಂಡ ದುರ್ಬಲ ರಕ್ತನಾಳ ಒಡೆದರೆ ಒಮ್ಮೆಲೇ ಬಟ್ಟಲುಗಟ್ಟಲೆ ರಕ್ತ ಹೋಗಿ ಪ್ರಾಣಾಪಾಯವೂ ಸಂಭವಿಸಬಹುದು.

ಇದು ಅಪರೂಪದ ಕಾಯಿಲೆಯಲ್ಲವೇ ಎಂದು ನೀವು ಕೇಳಬಹುದು. ಅಲ್ಲ. ಬ್ರಿಟನ್ನಿನಲ್ಲಿ ಕ್ಷಯ ಗುಣವಾದರೂ ಎರಡೂವರೆ ಸೆಂಟಿಮೀಟರ್ ಅಥವಾ ಅದಕ್ಕಿಂತ ದೊಡ್ಡ ಕುಳಿ ಉಳಿದಿದ್ದ 544 ಮಂದಿಯನ್ನು ಪರೀಕ್ಷಿಸಿ 1968ರಲ್ಲಿ ವರದಿ ಪ್ರಕಟಿಸಲಾಯಿತು. ಅವರಲ್ಲಿ ಶೇಕಡಾ 25ರಷ್ಟು ಮಂದಿಯ ರಕ್ತದಲ್ಲಿ ಈ ಬೂಷ್ಟಿನ ವಿರುದ್ಧದ ಪ್ರತಿಕಾಯಗಳಿದ್ದವು. ಎರಡು ಮೂರು ವರ್ಷಗಳ ನಂತರ ಮತ್ತೆ ನೋಡಿದಾಗ ಅದು ಶೇಕಡಾ 34ಕ್ಕೇರಿತ್ತು. ಉಗಾಂಡಾದ ಗುಲು ಪಟ್ಟಣದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನವು ಇನ್ನೂ ಸ್ಪಷ್ಟವಾದ ಚಿತ್ರಣ ನೀಡಿತು. ಕ್ಷಯದ ನಂತರ ಕುಳಿ ಉಳಿದಿದ್ದವರಲ್ಲಿ ವರ್ಷಕ್ಕೆ ನೂರರಲ್ಲಿ ಆರೂವರೆ ಮಂದಿಗೆ ಈ ಕಾಯಿಲೆ ಹೊಸದಾಗಿ ಬರುತ್ತಿತ್ತು. ಕುಳಿ ಇಲ್ಲದವರಲ್ಲಿ ಸಾವಿರಕ್ಕೆ ಕೇವಲ ಇಬ್ಬರಿಗೆ. ಅಂದರೆ ಅಪಾಯ ಎಲ್ಲಿದೆ ಎಂಬುದು ಚಿಕಿತ್ಸೆ ಮುಗಿದ ದಿನದ ಎಕ್ಸ್‌ರೇಯಲ್ಲಿಯೇ ಬಹುತೇಕ ಬರೆದಿರುತ್ತದೆ. ಜಗತ್ತಿನ ಒಟ್ಟು ಕ್ಷಯ ರೋಗಿಗಳಲ್ಲಿ ಸುಮಾರು ನಾಲ್ಕನೇ ಒಂದು ಭಾಗ ಭಾರತದಲ್ಲಿಯೇ ಇದ್ದಾರೆಂಬುದನ್ನು ಇದರೊಂದಿಗೆ ಸೇರಿಸಿ ನೋಡಿದರೆ, ನಮ್ಮ ದೇಶದಲ್ಲಿ ಈ ಸಮಸ್ಯೆಯ ಗಾತ್ರ ಎಷ್ಟಿರಬಹುದೆಂದು ಊಹಿಸಬಹುದು. ಚಂಡೀಗಢದ ಪಿಜಿಐ ಸಂಸ್ಥೆಯ ವೈದ್ಯರು 2014ರಲ್ಲಿ ಮಾಡಿದ ಅಂದಾಜಿನ ಪ್ರಕಾರ ವರ್ಷಕ್ಕೆ ಕನಿಷ್ಠ 27 ಸಾವಿರ, ಗರಿಷ್ಠ 1 ಲಕ್ಷ 70 ಸಾವಿರ ಹೊಸ ರೋಗಿಗಳು. ಕನಿಷ್ಠಕ್ಕೂ ಗರಿಷ್ಠಕ್ಕೂ ಇಷ್ಟು ಅಂತರವಿರುವುದು ಏನನ್ನು ಹೇಳುತ್ತದೆ? ಯಾರೂ ಇವರನ್ನು ಎಣಿಸುತ್ತಿಲ್ಲ ಎಂಬುದನ್ನು.

ನಮ್ಮ ಸಮುದಾಯದ ಪಟ್ಟಣವಾಸಿ ಕುಟುಂಬಗಳಿಗೆ ಇದು ಹೊರಗಿನ ವಿಷಯವಲ್ಲ. ಕರಾವಳಿಯಲ್ಲಿ ಮನೆಯೊಳಗೆ ಕುಳಿತು ಮೊರದ ತುಂಬ ಒದ್ದೆ ಎಲೆ ಮತ್ತು ತಂಬಾಕಿನ ಹುಡಿ ಇಟ್ಟುಕೊಂಡು ಬೀಡಿ ಕಟ್ಟುತ್ತಾ ಬದುಕು ಸವೆಸಿದ ತಾಯಂದಿರಿದ್ದಾರೆ. ರಾಮನಗರ, ಶಿಡ್ಲಘಟ್ಟಗಳಲ್ಲಿ ರೇಷ್ಮೆ ನೂಲು ತೆಗೆಯುವ ಹಬೆ ತುಂಬಿದ ಕೋಣೆಗಳಿವೆ. ಊರೂರಿನ ಗುಜರಿ ಅಂಗಡಿಗಳಲ್ಲಿ ಹಳೆಯ ಗೋಣಿ, ಚಿಂದಿ, ಕಾಗದ ವಿಂಗಡಿಸುವ ಯುವಕರಿದ್ದಾರೆ. ಇಕ್ಕಟ್ಟಾದ, ಗಾಳಿ ಬೆಳಕಿಲ್ಲದ ಮನೆಗಳಲ್ಲಿ ಕ್ಷಯ ಬೇಗ ಹರಡುತ್ತದೆ. ತೇವದ ಗೋಡೆ ಮತ್ತು ಧೂಳಿನ ಕೆಲಸ ಬೂಷ್ಟಿನ ಬೀಜಾಣುಗಳನ್ನು ಹೆಚ್ಚಿಸುತ್ತವೆ. ಇದರ ಮೇಲೆ ಬೀಡಿ ಸಿಗರೇಟು ಸೇದುವ ಚಟವೂ ಸೇರಿದರೆ ಶ್ವಾಸಕೋಶಕ್ಕೆ ಉಳಿಯುವುದೇನು? ಬೀಡಿ ಕಾರ್ಮಿಕರ ಕಲ್ಯಾಣಕ್ಕೆಂದು 1976ರ ಕಾಯ್ದೆಯಡಿ ಸಂಗ್ರಹಿಸಲಾಗುತ್ತಿದ್ದ ಸೆಸ್ 2017ರಲ್ಲಿ ಜಿಎಸ್‌ಟಿಯೊಂದಿಗೆ ರದ್ದಾಯಿತು. ಆ ಕುರಿತು ಸಂಸತ್ತಿನಲ್ಲಾಗಲಿ ನಮ್ಮ ಸಭೆಗಳಲ್ಲಾಗಲಿ ಎಷ್ಟು ಧ್ವನಿ ಎದ್ದಿತು ಎಂಬುದನ್ನು ನಾವೇ ಕೇಳಿಕೊಳ್ಳೋಣ.

ಇನ್ನು ರೋಗಪತ್ತೆಯ ವಿಷಯ. ಇಲ್ಲಿಯೇ ದೊಡ್ಡ ಅನ್ಯಾಯ ನಡೆಯುತ್ತಿದೆ.

ಸಾಮಾನ್ಯವಾಗಿ ನಡೆಯುವುದು ಹೀಗೆ. ನಾಲ್ಕು ವರ್ಷದ ಹಿಂದೆ ಕ್ಷಯದ ಚಿಕಿತ್ಸೆ ಮುಗಿಸಿದ ಒಬ್ಬ ಆಟೋ ಚಾಲಕನಿಗೆ ಮತ್ತೆ ಕೆಮ್ಮು ಶುರುವಾಗುತ್ತದೆ. ತೂಕ ಇಳಿಯುತ್ತದೆ, ಕಫದಲ್ಲಿ ರಕ್ತದ ಗೆರೆ ಕಾಣುತ್ತದೆ. ಎಕ್ಸ್‌ರೇ ತೆಗೆದರೆ ಶ್ವಾಸಕೋಶದ ಮೇಲ್ಭಾಗದಲ್ಲಿ ಕುಳಿ. ಕಫ ಪರೀಕ್ಷೆಯಲ್ಲಿ ಕ್ಷಯದ ರೋಗಾಣು ಸಿಗುವುದಿಲ್ಲ. ಆದರೂ ಹಳೆಯ ರೋಗ ಮರುಕಳಿಸಿರಬೇಕೆಂಬ ಊಹೆಯ ಮೇಲೆ ಮತ್ತೆ ಆರು ತಿಂಗಳು ಕ್ಷಯದ ಔಷಧಿ. ರಕ್ತ ನಿಲ್ಲುವುದಿಲ್ಲ. ಮೂರನೆಯ ಬಾರಿ ಇನ್ನೂ ತೀವ್ರವಾದ ಔಷಧಿಗಳು. ಅಷ್ಟರಲ್ಲಿ ಆತ ಆಟೋ ಮಾರಿರುತ್ತಾನೆ. ಔಷಧಿ ಸರಿಯಾಗಿ ತೆಗೆದುಕೊಂಡಿಲ್ಲವೆಂಬ ಆರೋಪವನ್ನೂ ಹೊತ್ತಿರುತ್ತಾನೆ. ಅವನ ಶ್ವಾಸಕೋಶದೊಳಗೆ ಕ್ಷಯವೇ ಇರಲಿಲ್ಲವೆಂಬುದು ಯಾರಿಗೂ ಹೊಳೆದಿರುವುದಿಲ್ಲ. ನಾವು ವೈದ್ಯರನ್ನು ದೂಷಿಸುತ್ತಿಲ್ಲ. ದಿನಕ್ಕೆ ನೂರಾರು ರೋಗಿಗಳನ್ನು ನೋಡುವ ತಾಲೂಕು ಆಸ್ಪತ್ರೆಯ ವೈದ್ಯರ ಮುಂದೆ ಕ್ಷಯದ ಔಷಧಿ ಉಚಿತವಾಗಿ ಸಿದ್ಧವಿದೆ, ಬೂಷ್ಟಿನ ಪರೀಕ್ಷೆಯಿಲ್ಲ. ಇರುವ ಔಷಧಿಗೆ ತಕ್ಕ ರೋಗವನ್ನೇ ಕಾಣುವುದು ಸಹಜ. ಆದರೆ ಆ ಸಹಜತೆಯ ಬೆಲೆಯನ್ನು ತೆರುವವನು ರೋಗಿ.

ಮುಸ್ಲಿಮ್ ವೈದ್ಯಶಾಸ್ತ್ರದ ಇತಿಹಾಸದ ಕುರಿತು ಅಭಿಮಾನದಿಂದ ಭಾಷಣ ಮಾಡುವವರು ನಮ್ಮಲ್ಲಿ ಬಹಳ. ಅರ್‌ರಾಝಿಯವರ ಹೆಸರನ್ನು ಎಲ್ಲರೂ ಹೇಳುತ್ತಾರೆ. ಅವರ ದೊಡ್ಡ ಸಾಧನೆ ಯಾವುದು? ಸಾವಿರದ ನೂರು ವರ್ಷಗಳ ಹಿಂದೆ ಅವರು ಸಿಡುಬು ಮತ್ತು ದಡಾರದ ಕುರಿತು ಪ್ರತ್ಯೇಕ ಗ್ರಂಥ ಬರೆದು, ನೋಡಲು ಒಂದೇ ತೆರನಾಗಿರುವ ಎರಡು ರೋಗಗಳನ್ನು ಲಕ್ಷಣಗಳ ಆಧಾರದಿಂದ ಬೇರೆ ಮಾಡಿ ತೋರಿಸಿದರು. ಒಂದನ್ನು ಇನ್ನೊಂದೆಂದು ಭಾವಿಸಬೇಡಿ, ಗಮನವಿಟ್ಟು ನೋಡಿ ಎಂಬುದೇ ಅವರ ವೈದ್ಯಕೀಯದ ಸಾರವಾಗಿತ್ತು. ಅವರ ಹೆಸರು ಹೇಳುವವರು ಈ ಗುಣವನ್ನೂ ಸ್ವಲ್ಪ ಕಲಿಯಬೇಡವೇ?

ಹಾಗಾದರೆ ಬೇರೆ ಮಾಡಿ ನೋಡುವುದು ಹೇಗೆ? ಮೊದಲನೆಯದಾಗಿ, ಕ್ಷಯ ಮರಳಿರುವುದೇ ಎಂದು ಖಚಿತಪಡಿಸಿಕೊಳ್ಳಬೇಕು. ಯಾಕೆಂದರೆ ಅದೂ ಮರಳಬಹುದು, ಕೆಲವೊಮ್ಮೆ ಎರಡೂ ಒಟ್ಟಿಗಿರಬಹುದು. ಸರಕಾರಿ ಆಸ್ಪತ್ರೆಗಳಲ್ಲಿ ಸಿಬಿನಾಟ್ ಅಥವಾ ಟ್ರೂನಾಟ್ ಎಂಬ ಕಫ ಪರೀಕ್ಷೆ ಉಚಿತವಾಗಿದೆ. ಆದರೆ ಒಂದು ಸೂಕ್ಷ್ಮವಿದೆ: ಈ ಯಂತ್ರಗಳು ಸತ್ತ ರೋಗಾಣುವಿನ ಅಂಶವನ್ನೂ ಹಿಡಿಯುತ್ತವೆ. ಇತ್ತೀಚೆಗೆ ಚಿಕಿತ್ಸೆ ಮುಗಿಸಿದವರಲ್ಲಿ ಅಲ್ಪ ಪ್ರಮಾಣದ ‘ಪಾಸಿಟಿವ್’ ಬಂದರೆ, ರೋಗಾಣುವನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಯಿಂದ ಅದನ್ನು ದೃಢಪಡಿಸಿಕೊಳ್ಳುವುದು ಒಳಿತು.

ಎರಡನೆಯದಾಗಿ, ಎದೆಯ ಸಿ.ಟಿ. ಸ್ಕ್ಯಾನ್. ಕುಳಿಯೊಳಗಿನ ಉಂಡೆ, ಅದರ ಸುತ್ತ ಅರ್ಧಚಂದ್ರಾಕಾರದ ಗಾಳಿ, ದಪ್ಪಗಾದ ಗೋಡೆ ಇವು ಎಕ್ಸ್‌ರೇಗಿಂತ ಇದರಲ್ಲಿ ಚೆನ್ನಾಗಿ ಕಾಣುತ್ತವೆ.

ಮೂರನೆಯದು ಬಹಳ ಮುಖ್ಯವಾದುದು: ರಕ್ತದಲ್ಲಿ ಆಸ್ಪರ್ಜಿಲ್ಲಸ್ ಐಜಿಜಿ ಪ್ರತಿಕಾಯದ ಪರೀಕ್ಷೆ. ಈ ಕಾಯಿಲೆ ಇರುವವರಲ್ಲಿ ಹತ್ತರಲ್ಲಿ ಒಂಬತ್ತು ಮಂದಿಗೂ ಹೆಚ್ಚು ಜನರಲ್ಲಿ ಇದು ‘ಪಾಸಿಟಿವ್’ ಬರುತ್ತದೆ. ಕಫದಲ್ಲಿ ಬೂಷ್ಟನ್ನು ಬೆಳೆಸುವ ಪರೀಕ್ಷೆ ಅನೇಕ ಬಾರಿ ವಿಫಲವಾಗುವುದರಿಂದ, ಕಫದಲ್ಲಿ ಬೂಷ್ಟು ಸಿಗಲಿಲ್ಲವೆಂದ ಮಾತ್ರಕ್ಕೆ ರೋಗವಿಲ್ಲವೆಂದು ಹೇಳಲಾಗದು. ಮಾದರಿಯನ್ನು ದೊಡ್ಡ ನಗರದ ಪ್ರಯೋಗಾಲಯಕ್ಕೆ ಕಳುಹಿಸಬೇಕಾಗಬಹುದು. ಆದರೆ ಊಹೆಯ ಮೇಲೆ ಆರು ತಿಂಗಳ ಔಷಧಿ ನುಂಗುವುದಕ್ಕಿಂತ ಅದು ಎಷ್ಟೋ ಮೇಲು. ಒಂದು ಎಚ್ಚರಿಕೆಯನ್ನೂ ಹೇಳಬೇಕು: ಪ್ರತಿಕಾಯ ಇದ್ದ ಮಾತ್ರಕ್ಕೆ ರೋಗವಿದೆ ಎಂದೂ ಅಲ್ಲ. ಮೂರು ತಿಂಗಳು ಮೀರಿದ ಲಕ್ಷಣ, ಸ್ಕ್ಯಾನಿನ ಚಿತ್ರ, ರಕ್ತದ ಪರೀಕ್ಷೆ ಈ ಮೂರೂ ಕೂಡಿ ಬಂದು, ಕ್ಷಯ, ಕ್ಯಾನ್ಸರ್ ಮುಂತಾದವು ಇಲ್ಲವೆಂದಾಗಲೇ ವೈದ್ಯರು ತೀರ್ಮಾನಕ್ಕೆ ಬರುತ್ತಾರೆ.

ಇಲ್ಲಿ ನಮ್ಮ ಮನೆಗಳೊಳಗಿನ ಒಂದು ಕೆಟ್ಟ ರೂಢಿಯನ್ನು ಹೇಳದೆ ವಿಧಿಯಿಲ್ಲ. ರೋಗ ಹೊಸದೋ ಹಳೆಯದೋ, ಕುಳಿ ಹಿಗ್ಗಿದೆಯೋ ಹಾಗೆಯೇ ಇದೆಯೋ ಎಂದು ತಿಳಿಯಲು ವೈದ್ಯರಿಗೆ ಹಳೆಯ ಎಕ್ಸ್‌ರೇ ಬೇಕು. ಅದಕ್ಕೆ ಸಮನಾದ ಸಾಕ್ಷ್ಯ ಬೇರೊಂದಿಲ್ಲ. ಆದರೆ ನಮ್ಮಲ್ಲಿ ಕ್ಷಯದ ಚಿಕಿತ್ಸೆ ಮುಗಿದ ಮರುದಿನವೇ ಆಸ್ಪತ್ರೆಯ ಚೀಟಿ, ಎಕ್ಸ್‌ರೇ ಎಲ್ಲವನ್ನೂ ಸುಟ್ಟುಹಾಕುವವರಿದ್ದಾರೆ. ಯಾಕೆ? ಮಗಳ ಸಂಬಂಧ ಮುರಿಯಬಾರದೆಂದು! ಹೆಣ್ಣು ನೋಡಲು ಬಂದವರಿಗೆ ಗೊತ್ತಾಗಬಾರದೆಂದು! ಗುಣವಾದ ರೋಗವನ್ನೂ ಕಳಂಕವೆಂದು ಭಾವಿಸಿ, ವರದಕ್ಷಿಣೆಯ ಲೆಕ್ಕ ಹಾಕುವ ಬಾಯಿಯಿಂದಲೇ ರೋಗದ ಲೆಕ್ಕವನ್ನೂ ಹಾಕುವ ಸಮಾಜವನ್ನು ನಾವು ಕಟ್ಟಿಕೊಂಡಿದ್ದೇವೆ. ಆ ಭಯದಿಂದ ತಾಯಿಯೊಬ್ಬಳು ಸುಟ್ಟ ಎಕ್ಸ್‌ರೇ, ಹತ್ತು ವರ್ಷದ ನಂತರ ಅವಳ ಮಗಳ ಬಾಯಿಂದ ರಕ್ತ ಬಂದಾಗ ವೈದ್ಯರ ಕೈಯಲ್ಲಿ ಇರುವುದಿಲ್ಲ. ಮಗಳು ಕೂಡ ಗಂಡನ ಮನೆಯವರ ಮುಂದೆ ತನಗೆ ಹಿಂದೆ ಕ್ಷಯವಿತ್ತೆಂದು ವೈದ್ಯರಿಗೆ ಹೇಳುವುದಿಲ್ಲ. ವರದಕ್ಷಿಣೆಯ ವಿರುದ್ಧ ಇಲ್ಲಿಯವರೆಗೆ ನಾವು ಎಷ್ಟೋ ಬರೆದಿದ್ದೇವೆ, ಹೇಳಿದ್ದೇವೆ. ಅದರ ನೆರಳು ರೋಗಿಯ ಹಾಸಿಗೆಯ ತನಕ ಚಾಚಿದೆಯೆಂಬುದನ್ನೂ ತಿಳಿಯಬೇಕು. ಬೂಷ್ಟಿನ ಈ ಕಾಯಿಲೆಯಂತೂ ಒಬ್ಬರಿಂದ ಇನ್ನೊಬ್ಬರಿಗೆ ಹರಡುವುದೇ ಇಲ್ಲ. ತಟ್ಟೆ, ಲೋಟ, ಹಾಸಿಗೆ ಬೇರೆ ಮಾಡುವ ಅಗತ್ಯವಿಲ್ಲ. ತಾಯಿ ಮಗುವನ್ನು ಎತ್ತಿಕೊಳ್ಳಬಹುದು.

ಇನ್ನು ಕೆಲವರು ರಕ್ತ ಕಂಡ ಕೂಡಲೇ ತಾಯಿತ ಕಟ್ಟುವವರ ಬಳಿಗೆ, ಓದಿ ಊದಿದ ನೀರಿನ ಬಳಿಗೆ ಓಡುತ್ತಾರೆ. ಚಿಕಿತ್ಸೆ ಪಡೆಯಬೇಕೆಂದು ಸ್ವತಃ ಪ್ರವಾದಿಯವರು(ಸ) ತಮ್ಮ ಅನುಯಾಯಿಗಳಿಗೆ ಸ್ಪಷ್ಟವಾಗಿ ಆದೇಶಿಸಿರುವಾಗ, ಪ್ರಾರ್ಥನೆಯ ಹೆಸರಿನಲ್ಲಿ ಚಿಕಿತ್ಸೆಯನ್ನು ಮುಂದೂಡುವುದು ಯಾವ ಧರ್ಮನಿಷ್ಠೆ? ಇನ್ನೊಂದು ಅಪಾಯ ಔಷಧಿ ಅಂಗಡಿಯದು. ಇನ್‌ಹೇಲರ್ ಹಿಡಿದರೆ ಅಭ್ಯಾಸವಾಗಿಬಿಡುತ್ತದೆಂದು ಹೆದರುವವರೇ, ಅಂಗಡಿಯಲ್ಲಿ ಸಿಗುವ ‘ದಮ್ಮಿನ ಮಾತ್ರೆ’ಯನ್ನು ವರ್ಷಗಟ್ಟಲೆ ನುಂಗುತ್ತಾರೆ. ಅದರಲ್ಲಿ ಹೆಚ್ಚಾಗಿ ಇರುವುದು ಸ್ಟಿರಾಯ್ಡ್. ಕುಳಿಯಲ್ಲಿ ಸುಮ್ಮನೆ ಕುಳಿತಿದ್ದ ಬೂಷ್ಟಿಗೆ ಅದು ಗೊಬ್ಬರವಿದ್ದಂತೆ. ಎರಡು ದಿನ ಹಿತವೆನಿಸುತ್ತದೆ, ಆದರೆ ಒಳಗೆ ಕಾವಲುಗಾರ ನಿದ್ದೆ ಹೋಗಿರುತ್ತಾನೆ.

ಚಿಕಿತ್ಸೆಯ ವಿಷಯಕ್ಕೆ ಬರೋಣ. ಮೊದಲ ಆಯ್ಕೆಯಾಗಿ ಬಳಕೆಯಲ್ಲಿರುವುದು ಇಟ್ರಕೊನಝೋಲ್ ಎಂಬ ಔಷಧಿ. ಸಾಮಾನ್ಯವಾಗಿ 200 ಮಿಲಿಗ್ರಾಂನಂತೆ ದಿನಕ್ಕೆರಡು ಬಾರಿ. ಅದು ಹಿಡಿಸದವರಿಗೆ, ಫಲ ಕೊಡದವರಿಗೆ ವೊರಿಕೊನಝೋಲ್ ಇದೆ. ಜಾಗತಿಕ ಆರೋಗ್ಯ ಸಂಸ್ಥೆಯು 2017ರಲ್ಲಿಯೇ ಇವೆರಡನ್ನೂ ತನ್ನ ಅತ್ಯವಶ್ಯಕ ಔಷಧಿಗಳ ಪಟ್ಟಿಗೆ ಸೇರಿಸಿತು. 2022ರಲ್ಲಿ ಅದು ಪ್ರಕಟಿಸಿದ ಅಪಾಯಕಾರಿ ಶಿಲೀಂಧ್ರಗಳ ಪಟ್ಟಿಯಲ್ಲಿ ಈ ಬೂಷ್ಟಿಗೆ ಅತ್ಯಂತ ಮೇಲಿನ ದರ್ಜೆ ದೊರೆಯಿತು. ಔಷಧಿಯನ್ನು ಎಷ್ಟು ಕಾಲ ತೆಗೆದುಕೊಳ್ಳಬೇಕೆಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ನಮ್ಮ ದೇಶದಲ್ಲಿಯೇ ಎಂಬುದು ಸಂತೋಷದ ಸಂಗತಿ. ಚಂಡೀಗಢದಲ್ಲಿ 164 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆರು ತಿಂಗಳು, ಇನ್ನೊಂದಕ್ಕೆ ಹನ್ನೆರಡು ತಿಂಗಳು ಔಷಧಿ ನೀಡಲಾಯಿತು. ಎರಡು ವರ್ಷಗಳೊಳಗೆ ಮೊದಲ ಗುಂಪಿನಲ್ಲಿ ಶೇಕಡಾ 38 ಮಂದಿಗೆ ರೋಗ ಮರುಕಳಿಸಿದರೆ, ಎರಡನೆಯ ಗುಂಪಿನಲ್ಲಿ ಶೇಕಡಾ 10 ಮಂದಿಗೆ ಮಾತ್ರ. 2022ರಲ್ಲಿ ಇದು ಪ್ರಕಟವಾಯಿತು. ಆದ್ದರಿಂದ ಆರಂಭದ ಎರಡು ತಿಂಗಳಲ್ಲಿ ಹಸಿವಾಗತೊಡಗಿತು, ತೂಕ ಏರಿತು ಎಂದು ಔಷಧಿ ನಿಲ್ಲಿಸುವುದು ತಪ್ಪು.

ಈ ಔಷಧಿ ಸ್ವಲ್ಪ ಹಠಮಾರಿ. ಕ್ಯಾಪ್ಸೂಲನ್ನು ಹೊಟ್ಟೆ ತುಂಬ ಊಟದೊಂದಿಗೇ ತೆಗೆದುಕೊಳ್ಳಬೇಕು. ಹೊಟ್ಟೆಯಲ್ಲಿ ಆಮ್ಲವಿಲ್ಲದಿದ್ದರೆ ಅದು ರಕ್ತಕ್ಕೆ ಸೇರುವುದಿಲ್ಲ. ಆದ್ದರಿಂದ ಗ್ಯಾಸ್ಟ್ರಿಕ್ ಎಂದು ನಾವು ದಿನಾ ಬೆಳಿಗ್ಗೆ ನುಂಗುವ ಮಾತ್ರೆ ಇದರ ಶತ್ರು. ಹೃದಯ ದುರ್ಬಲವಾಗಿರುವವರಿಗೆ ಇದು ಅಪಾಯಕಾರಿ. ಕಾಲು ಊದಿಕೊಂಡರೆ, ಏದುಸಿರು ಹೆಚ್ಚಾದರೆ ತಕ್ಷಣ ವೈದ್ಯರಿಗೆ ತಿಳಿಸಬೇಕು. ಯಕೃತ್ತಿನ ಪರೀಕ್ಷೆಯನ್ನು ಆಗಾಗ ಮಾಡಿಸಬೇಕು. ಕೊಲೆಸ್ಟರಾಲ್ ಮಾತ್ರೆ, ಕೆಲವು ಸ್ಟಿರಾಯ್ಡ್ ಇನ್‌ಹೇಲರುಗಳು ಇದರೊಂದಿಗೆ ಸೇರಿ ತೊಂದರೆ ಕೊಡಬಲ್ಲವು. ಎಲ್ಲಕ್ಕಿಂತ ದೊಡ್ಡದು ಇದು: ಕ್ಷಯಕ್ಕೆ ನೀಡುವ ರಿಫಾಂಪಿಸಿನ್ ಜೊತೆಗಿದ್ದರೆ ಇಟ್ರಕೊನಝೋಲ್ ದೇಹದಲ್ಲಿ ಉಳಿಯುವುದೇ ಇಲ್ಲ, ನುಂಗಿದ್ದೂ ನುಂಗದಂತೆಯೇ. ಅಂದರೆ ಇಲ್ಲದ ಕ್ಷಯಕ್ಕೆ ಔಷಧಿ ಕೊಡುತ್ತಾ, ಇರಲಿಕ್ಕಿಲ್ಲವೆಂದು ಬೂಷ್ಟಿಗೂ ಒಂದು ಕೊಡೋಣವೆಂದರೆ ಅದು ವ್ಯರ್ಥ. ಮೊದಲು ರೋಗ ಯಾವುದೆಂದು ತೀರ್ಮಾನವಾಗಲೇಬೇಕು.

ಒಂದೇ ಕುಳಿ, ಒಂದೇ ಉಂಡೆ, ಉಳಿದ ಶ್ವಾಸಕೋಶ ಚೆನ್ನಾಗಿದೆ ಎಂದಾದರೆ ಶಸ್ತ್ರಕ್ರಿಯೆಯಿಂದ ಆ ಭಾಗವನ್ನು ತೆಗೆದು ಸಂಪೂರ್ಣ ಗುಣವಾಗುವ ಸಾಧ್ಯತೆಯಿದೆ. ರಕ್ತ ಹೆಚ್ಚಾಗಿ ಬಂದರೆ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು. ಯಾವ ಬದಿಯ ಶ್ವಾಸಕೋಶದಲ್ಲಿ ರೋಗವಿದೆಯೆಂದು ಗೊತ್ತಿದ್ದರೆ ದಾರಿಯಲ್ಲಿ ಆ ಬದಿ ಕೆಳಗಾಗುವಂತೆ ಮಲಗಿಸಬೇಕು. ಒಳ್ಳೆಯ ಬದಿಗೆ ರಕ್ತ ತುಂಬದಿರಲು ಇದು ಸಹಾಯಕ. ತೊಡೆಯ ರಕ್ತನಾಳದ ಮೂಲಕ ಸಣ್ಣ ಕೊಳವೆ ತೂರಿಸಿ, ರಕ್ತ ಸೋರುವ ನಾಳವನ್ನು ಒಳಗಿನಿಂದಲೇ ಮುಚ್ಚುವ ಚಿಕಿತ್ಸೆ ದೊಡ್ಡ ಆಸ್ಪತ್ರೆಗಳಲ್ಲಿದೆ. ಆದರೆ ಬೂಷ್ಟಿನ ಔಷಧಿಯಿಲ್ಲದೆ ಬರೀ ನಾಳ ಮುಚ್ಚಿದರೆ ರಕ್ತ ಮತ್ತೆ ಬರಬಹುದು. ಈ ಕಾಯಿಲೆಯನ್ನು ಹಗುರವಾಗಿ ಕಾಣಬಾರದು. ಇದಕ್ಕೆಂದೇ ವಿಶೇಷ ಕೇಂದ್ರವಿರುವ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿಯೇ, 387 ರೋಗಿಗಳ ಕುರಿತು 2017ರಲ್ಲಿ ಪ್ರಕಟವಾದ ವರದಿಯಲ್ಲಿ ಐದು ವರ್ಷಗಳ ನಂತರ ಬದುಕಿದ್ದವರು ಶೇಕಡಾ 62 ಮಾತ್ರ.

ಸರಕಾರದ ಪಾತ್ರವೇನು? ಕ್ಷಯ ರೋಗಿಗೆ ಪೌಷ್ಟಿಕ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ನೀಡಲಾಗುತ್ತಿತ್ತು, 2024ರ ನವೆಂಬರಿನಿಂದ ಅದನ್ನು 1000 ರೂಪಾಯಿಗೆ ಏರಿಸಲಾಯಿತು. ಸ್ವಾಗತಾರ್ಹ ಕ್ರಮವಿದು. ಆದರೆ ಚಿಕಿತ್ಸೆ ಮುಗಿದ ದಿನ ಆ ನೆರವೂ ಮುಗಿಯುತ್ತದೆ. 2025ರೊಳಗೆ ಕ್ಷಯವನ್ನು ನಿರ್ಮೂಲನೆ ಮಾಡುತ್ತೇವೆಂಬ ಘೋಷಣೆಯ ಫಲಕಗಳು ಊರೆಲ್ಲ ತೂಗಾಡಿದವು. ಆದರೆ ಗುಣವಾದವನ ಶ್ವಾಸಕೋಶದಲ್ಲಿ ಉಳಿದ ಕುಳಿಯ ಲೆಕ್ಕ ಯಾವ ಫಲಕದಲ್ಲೂ ಇರಲಿಲ್ಲ. ಆಯುಷ್ಮಾನ್ ಭಾರತ್ ಕಾರ್ಡು ಆಸ್ಪತ್ರೆಗೆ ದಾಖಲಾದವನಿಗೆ ನೆರವಾಗುತ್ತದೆ, ಮನೆಯಲ್ಲಿ ಕುಳಿತು ವರ್ಷವಿಡೀ ನುಂಗಬೇಕಾದ ಮಾತ್ರೆಗೆ ಅಲ್ಲ. ರಕ್ತ ಕಾರಿ ಬಿದ್ದರೆ ಹಣವಿದೆ, ರಕ್ತ ಕಾರದಂತೆ ತಡೆಯಲು ಹಣವಿಲ್ಲ ಎಂಬುದು ಎಂತಹ ನೀತಿ? ಕ್ಷಯ ಕಾರ್ಯಕ್ರಮದಡಿಯಲ್ಲಿಯೇ ಈ ರಕ್ತ ಪರೀಕ್ಷೆ ಮತ್ತು ಔಷಧಿಯನ್ನು ಉಚಿತವಾಗಿ ಒದಗಿಸಬೇಕೆಂದು ನಮ್ಮ ಶಾಸಕರ, ಜಿಲ್ಲಾ ಆರೋಗ್ಯಾಧಿಕಾರಿಗಳ ಮುಂದೆ ಬೇಡಿಕೆ ಇಡಬೇಕು. ಇದು ಒಂದು ಸಮುದಾಯದ ಬೇಡಿಕೆಯಲ್ಲ. ಕ್ಷಯ ಪೀಡಿತ ಪ್ರತಿಯೊಬ್ಬ ಬಡವನದು.

ಅಲ್ಲಿಯವರೆಗೆ ನಾವು ಸುಮ್ಮನಿರಬೇಕಿಲ್ಲ. ಯಾರಾದರೂ ರಕ್ತ ಕಾರಿ ತೀವ್ರ ನಿಗಾ ಘಟಕ ಸೇರಿದಾಗ ವಾಟ್ಸಾಪಿನಲ್ಲಿ ಮನವಿ ಹರಿದಾಡಿ ಒಂದೇ ರಾತ್ರಿಯಲ್ಲಿ ಲಕ್ಷ ರೂಪಾಯಿ ಸೇರುವುದನ್ನು ನಾವು ಕಂಡಿದ್ದೇವೆ. ಅದೇ ವ್ಯಕ್ತಿ ಎರಡು ವರ್ಷ ಮೊದಲು ತಿಂಗಳ ಮಾತ್ರೆಗೆ ಹಣವಿಲ್ಲದೆ ಮಸೀದಿಯ ಕೊನೆಯ ಸಾಲಿನಲ್ಲಿ ಕೆಮ್ಮುತ್ತಾ ಕುಳಿತಿದ್ದಾಗ ಯಾರೂ ಕೇಳಲಿಲ್ಲ. ಝಕಾತ್‌ಗೆ ಹಕ್ಕುದಾರರಾದ ಬಡವರಲ್ಲಿ ಇಂತಹ ರೋಗಿಗಳು ಸೇರುವುದಿಲ್ಲವೇ? ಸಾಮೂಹಿಕ ಝಕಾತ್ ವ್ಯವಸ್ಥೆಯಿರುವ ಜಮಾಅತ್‌ಗಳು ಒಂದು ವರ್ಷದ ಔಷಧಿ ಮತ್ತು ಒಂದು ಸ್ಕ್ಯಾನಿನ ಖರ್ಚನ್ನು ಮುಂಚಿತವಾಗಿಯೇ ಹೊರುವ ಕ್ರಮವನ್ನು ಆರಂಭಿಸಬೇಕು. ಕಳೆದ ಕೆಲವು ವರ್ಷಗಳಲ್ಲಿ ಕ್ಷಯದ ಚಿಕಿತ್ಸೆ ಮುಗಿಸಿದವರಿಗೆ ಎರಡು ವರ್ಷಗಳ ತನಕ ಆರು ತಿಂಗಳಿಗೊಮ್ಮೆ ಮರುಪರೀಕ್ಷೆ ಮಾಡಬೇಕೆಂಬುದು ಸರಕಾರದ್ದೇ ನಿಯಮ. ಅದನ್ನು ನೆನಪಿಸಿ ಕರೆದೊಯ್ಯುವ ಕೆಲಸವನ್ನು ನಮ್ಮ ಯುವಕರು, ಆಶಾ ಕಾರ್ಯಕರ್ತೆಯರ ಜೊತೆಗೂಡಿ, ರೋಗಿಯ ಹೆಸರು ಬಯಲಾಗದಂತೆ ಮಾಡಬಹುದು.

ಕೊನೆಯದಾಗಿ, ಸಭೆಯಲ್ಲಿ ಚೀಟಿಗಳ ಮೂಲಕ ಬಂದಿರುವ ಕೆಲವು ಪ್ರಶ್ನೆಗಳಿಗೆ ಉತ್ತರಿಸುತ್ತೇವೆ.

ರಮಝಾನಿನಲ್ಲಿ ಏನು ಮಾಡಬೇಕು? ತೂಕ ಇಳಿಯುತ್ತಿರುವ, ರಕ್ತ ಬರುತ್ತಿರುವ ರೋಗಿ ಉಪವಾಸವನ್ನು ಮುಂದೂಡಬೇಕು. ಅಲ್‌ಬಕರ ಅಧ್ಯಾಯವು ರೋಗಿಗೆ ನೀಡಿರುವ ರಿಯಾಯಿತಿ ಇಂತಹ ಸಂದರ್ಭಕ್ಕಾಗಿಯೇ ಇದೆ. ಸ್ಥಿತಿ ಸ್ಥಿರವಾಗಿದ್ದು ವೈದ್ಯರು ಒಪ್ಪಿದರೆ, ಔಷಧಿಯನ್ನು ಇಫ್ತಾರಿನ ಊಟ ಮತ್ತು ಸಹರಿಯ ಊಟದೊಂದಿಗೆ ತೆಗೆದುಕೊಳ್ಳಬಹುದು. ತಿಂಗಳಿಡೀ ನಿಲ್ಲಿಸುವುದು ಮಾತ್ರ ಸಲ್ಲದು.

ಕ್ಯಾಪ್ಸೂಲಿನ ಹೊದಿಕೆಯ ಜೆಲಾಟಿನ್ ಕುರಿತು ಒಬ್ಬರು ಕೇಳಿದ್ದಾರೆ. ಪರ್ಯಾಯವಿಲ್ಲದ ಅನಿವಾರ್ಯ ಸ್ಥಿತಿಯಲ್ಲಿ ಔಷಧಿಯಾಗಿ ಅದಕ್ಕೆ ರಿಯಾಯಿತಿಯಿದೆಯೆಂದು ಅನೇಕ ವಿದ್ವಾಂಸರು ಹೇಳಿದ್ದಾರೆ. ಸಂಶಯವಿರುವವರು ವಿದ್ವಾಂಸರನ್ನು ಕೇಳಲಿ, ಆದರೆ ಕೇಳಿ ಮುಗಿಯುವ ತನಕ ಔಷಧಿ ನಿಲ್ಲಿಸದಿರಲಿ.

ಗರ್ಭಿಣಿಯರು ಇದನ್ನು ತೆಗೆದುಕೊಳ್ಳಬಹುದೇ ಎಂದು ಸಹೋದರಿಯೊಬ್ಬರು ಬರೆದಿದ್ದಾರೆ. ಗರ್ಭಾವಸ್ಥೆಯಲ್ಲಿ ಈ ಔಷಧಿಗಳನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಚಿಕಿತ್ಸೆ ನಡೆಯುತ್ತಿರುವಾಗ ಗರ್ಭ ಧರಿಸದಂತೆ ಎಚ್ಚರ ವಹಿಸಬೇಕು. ಮದುವೆಯಾಗಿರುವ ಅಥವಾ ಮದುವೆ ನಿಶ್ಚಯವಾಗಿರುವ ಹೆಣ್ಣುಮಕ್ಕಳು ಚಿಕಿತ್ಸೆ ಆರಂಭಿಸುವ ಮೊದಲೇ ಇದನ್ನು ವೈದ್ಯರಿಗೆ ಹೇಳಬೇಕು, ಪತಿಯೂ ಜೊತೆಗೆ ಹೋಗಿ ಕೇಳಿಸಿಕೊಳ್ಳಬೇಕು.